‘ಐ ಆಮ್ ಹ್ಯಾವಿಂಗ್’ ಯಾವಾಗ ಸರಿ, ಯಾವಾಗ ತಪ್ಪು?

ಪ್ರಶ್ನೆ: ಸರ್, ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಬಿಕಾಂ. ಹೊರ ರಾಜ್ಯದ ಪಾರ್ಟಿಗಳಿಗೆ ಇಂಗ್ಲಿಷಿನಲ್ಲಿ ಮೇಲ್ ಕಳಿಸುವ ಕೆಲಸವೂ ನನ್ನದೇ. ಹೋದ ತಿಂಗಳು ಬಳ್ಳಾರಿ ಕಡೆಯ ಒಂದು ಫ್ಯಾಕ್ಟರಿಗೆ ಇಂಟರ್‌ವ್ಯೂಗೆ ಹೋಗಿದ್ದೆ. ‘ಐ ಆಮ್ ಹ್ಯಾವಿಂಗ್ ತ್ರೀ ಇಯರ್ಸ್ ಎಕ್ಸ್‌ಪೀರಿಯೆನ್ಸ್’ ಅಂದೆ. ಅಲ್ಲಿದ್ದವರೊಬ್ಬರು ನಕ್ಕು, ‘ಹ್ಯಾವಿಂಗ್ ಅನ್ನಬಾರದಮ್ಮ’ ಅಂದರು. ಯಾಕೆ ಅಂತ ಹೇಳಲಿಲ್ಲ. ಅವತ್ತಿನಿಂದ ಎಲ್ಲಿ ಹ್ಯಾವಿಂಗ್ ಕಂಡರೂ ಅಳಿಸಿ ಹಾಕ್ತಾ ಇದ್ದೀನಿ. ಆದರೆ ಫೋನಿನಲ್ಲಿ ಇಂಗ್ಲಿಷ್ ಕಲಿಸುವವರು ‘ವಿ ಆರ್ ಹ್ಯಾವಿಂಗ್ ಲಂಚ್’ ಅಂತಾರೆ. ಅದು ಹೇಗೆ ಸರಿ? ಒಂದು ಕಡೆ ‘ಹ್ಯಾಡ್ ಹ್ಯಾಡ್’ ಅಂತ ಎರಡು ಸಲ ಓದಿದೆ, ಅದು ಅಚ್ಚಿನ ತಪ್ಪಾ? ನನ್ನ ಮೇಲ್‌ಗಳಿಂದ ಮೂರು ವಾಕ್ಯ ಬರೆದಿದ್ದೇನೆ, ತಿದ್ದಿ ಕೊಡಿ. ಒಂದು, ‘ವಿ ಆರ್ ಹ್ಯಾವಿಂಗ್ 400 ಬ್ಯಾಗ್ಸ್ ಇನ್ ಸ್ಟಾಕ್.’ ಎರಡು, ‘ಐ ಹ್ಯಾವ್ ಸೆಂಟ್ ದ ಬಿಲ್ ಯೆಸ್ಟರ್‌ಡೇ.’ ಮೂರು, ‘ವಿ ಆರ್ ಹ್ಯಾವಿಂಗ್ ಸಮ್ ಟ್ರಬಲ್ ವಿತ್ ಲಾರೀಸ್ ದಿಸ್ ವೀಕ್.’

ಉತ್ತರ: ನಕ್ಕವರು ನಕ್ಕರು, ಬಿಡಿ. ಅದೇ ವಾಕ್ಯ ನಾನೂ ಹೇಳಿದ್ದೇನೆ. ಅದೂ ಇಂಗ್ಲಿಷ್ ಮೇಷ್ಟ್ರ ಕೆಲಸದ ಇಂಟರ್‌ವ್ಯೂನಲ್ಲಿ, ರಾಯಚೂರಿನ ಒಂದು ಕಾಲೇಜಿನಲ್ಲಿ. ‘ಐ ಆಮ್ ಹ್ಯಾವಿಂಗ್ ಎಂಎ ಡಿಗ್ರಿ’ ಅಂದೆ, ಎದೆ ಸೆಟೆಸಿಕೊಂಡು. ಯಾರೂ ನಗಲಿಲ್ಲ. ಕೆಲಸವೂ ಸಿಕ್ಕಿತು. ಎದುರಿಗೆ ಕೂತವರೂ ನಮ್ಮ ಸೀಮೆಯವರೇ, ಅವರ ಕಿವಿಗೂ ಅದು ಚುಚ್ಚಿರಲಿಕ್ಕಿಲ್ಲ. ಆಮೇಲೆ ವರ್ಷಗಟ್ಟಲೆ ಹುಡುಗರ ಉತ್ತರಪತ್ರಿಕೆಯಲ್ಲಿ ಅದೇ ಹ್ಯಾವಿಂಗ್ ಮೇಲೆ ಕೆಂಪು ಗೀಟು ಎಳೆದು ಎಳೆದು ನನಗೇ ಅನುಮಾನ ಬಂತು. ಇಷ್ಟು ಜನ ಒಂದೇ ಜಾಗದಲ್ಲಿ ಎಡವುತ್ತಾರೆ ಅಂದರೆ, ಅಲ್ಲೇನೋ ಕಲ್ಲು ಇರಲೇಬೇಕು.

ಇತ್ತು. ಹ್ಯಾವ್ ಅನ್ನೋದಕ್ಕೆ ಕನ್ನಡದಲ್ಲಿ ಪದವೇ ಇಲ್ಲ.

ಡಿಕ್ಷನರಿ ತೆಗೆದರೆ ‘ಹೊಂದಿರು’ ಅಂತ ಸಿಗುತ್ತದೆ. ಆದರೆ ‘ನಾನು ಇಬ್ಬರು ಅಣ್ಣಂದಿರನ್ನು ಹೊಂದಿದ್ದೇನೆ’ ಅಂತ ಯಾರ ಮನೆಯಲ್ಲಿ ಮಾತಾಡ್ತಾರೆ? ಅರ್ಜಿ ನಮೂನೆ ಬಿಟ್ಟರೆ ಆ ಪದ ಬಾಯಿಗೆ ಬರುವುದಿಲ್ಲ. ನಿಮ್ಮ ಕೊಪ್ಪಳ ಜಿಲ್ಲೆಯ ಮಾತು ಕೇಳಿ. ‘ನನಗ ಇಬ್ಬರು ಅಣ್ಣರು ಅದಾರ.’ ‘ನನ್ನ ಹತ್ರ ಐನೂರು ರೂಪಾಯಿ ಐತಿ.’ ‘ಈ ಮನಿಗೆ ಎರಡು ಬಾಗಲ ಅದಾವ.’ ‘ರೂಮಿನಾಗ ಫ್ಯಾನ್ ಐತಿ.’ ರಾಯಚೂರು ಕಡೆ ಬಂದರೆ ಐತಿ ಹೋಗಿ ಅದ ಆಗುತ್ತದೆ, ಅಷ್ಟೇ. ಸಂಬಂಧಕ್ಕೆ ‘ನನಗೆ’, ಕೈಯಲ್ಲಿರುವುದಕ್ಕೆ ‘ನನ್ನ ಹತ್ರ’, ವಸ್ತುವಿನ ಭಾಗಕ್ಕೆ ‘ಮನೆಗೆ’, ಜಾಗಕ್ಕೆ ‘ರೂಮಿನಲ್ಲಿ’. ನಾಲ್ಕು ದಾರಿ, ನಾಲ್ಕರ ಕೊನೆಗೂ ‘ಇರು’. ದಾರಿ ತಪ್ಪಿದರೆ ಅರ್ಥವೂ ತಪ್ಪುತ್ತದೆ. ‘ನನಗೆ ಅಣ್ಣ ಇದ್ದಾನೆ’ ಅಂದರೆ ಒಂದು, ‘ನನ್ನ ಹತ್ರ ಅಣ್ಣ ಇದ್ದಾನೆ’ ಅಂದರೆ ಇನ್ನೊಂದು. ಇಂಗ್ಲಿಷಿನವರು ಈ ನಾಲ್ಕನ್ನೂ ಒಂದೇ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಮೇಲೆ ಹ್ಯಾವ್ ಅಂತ ಮಾರ್ಕು ಹಾಕಿದ್ದಾರೆ.

ಇದು ಕನ್ನಡದ ಕೊರತೆ ಅಂದುಕೊಳ್ಳಬೇಡಿ. ಬಳ್ಳಾರಿ, ರಾಯಚೂರಿನ ತೆಲುಗರು ‘ನಾಕು ಇದ್ದರು ಅನ್ನಲು ಉನ್ನಾರು’ ಅಂತಾರೆ. ನಮ್ಮ ಕಡೆಯ ಉರ್ದುವಿನಲ್ಲಿ ಜ್ವರ ಬಂದರೆ ‘ಮೇರೆಕು ಬುಖಾರ್ ಹೈ’. ಅಲ್ಲೂ ‘ನನಗೆ’, ಅಲ್ಲೂ ‘ಇದೆ’. ರಷ್ಯನ್ ಭಾಷೆಯವರೂ ‘ನನ್ನ ಬಳಿ ಇದೆ’ ಅನ್ನುವ ಥರವೇ ಹೇಳುತ್ತಾರೆ. ಲೋಕದಲ್ಲಿ ಹ್ಯಾವ್ ಇಲ್ಲದೆ ಸಂಸಾರ ನಡೆಸುವ ಭಾಷೆಗಳು ಬೇಕಾದಷ್ಟಿವೆ.

ಈಗ ನಿಮ್ಮ ವಾಕ್ಯ ಹೇಗೆ ಹುಟ್ಟಿತು ನೋಡಿ. ಶಾಲೆಯಲ್ಲಿ ‘ಇದೆ ಅಂದರೆ ಈಸ್, ಆಮ್, ಆರ್’ ಅಂತ ಕಲಿಸಿದರು. ಇನ್ನೊಂದು ದಿನ ‘ನನ್ನದು ಅನ್ನಬೇಕಾದರೆ ಹ್ಯಾವ್’ ಅಂದರು. ಮತ್ತೊಂದು ದಿನ ‘ಈಗ ನಡೀತಾ ಇದ್ದರೆ ಇಂಗ್ ಹಚ್ಚಿ’ ಅಂದರು. ನಿಮಗೆ ಅನುಭವ ಈಗ ‘ಇದೆ’. ಅದು ‘ನಿಮ್ಮದು’. ಮೂರೂ ಪಾಠ ಒಟ್ಟಿಗೆ ನೆನಪಾಗಿ ‘ಐ ಆಮ್ ಹ್ಯಾವಿಂಗ್’ ಆಯಿತು. ಒಂದೊಂದೂ ನಿಜ, ಕೂಡಿಸಿದ್ದು ತಪ್ಪು. ಇದರ ಜೊತೆಗೆ ಕೆಲಸದ ಜಾಹೀರಾತು ಬೇರೆ. ‘ಕ್ಯಾಂಡಿಡೇಟ್ಸ್ ಹ್ಯಾವಿಂಗ್ ತ್ರೀ ಇಯರ್ಸ್ ಎಕ್ಸ್‌ಪೀರಿಯೆನ್ಸ್’ ಅಂತ ಅಚ್ಚಾಗಿರುತ್ತದೆ. ಅದು ಸರಿಯೇ. ಯಾಕೆಂದರೆ ಅಲ್ಲಿ ಆಮ್, ಈಸ್, ಆರ್ ಇಲ್ಲ. ಅದು ‘ಅನುಭವ ಇರುವ ಅಭ್ಯರ್ಥಿಗಳು’ ಅನ್ನೋ ‘ಇರುವ’. ಅದನ್ನೇ ಎತ್ತಿ ‘ಐ ಆಮ್’ ಪಕ್ಕ ಇಟ್ಟರೆ ಕೆಡುತ್ತದೆ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಗ್ರಾಮರ್ ಪುಸ್ತಕದಲ್ಲಿ ‘ಸ್ಟೇಟಿವ್ ವರ್ಬ್’, ಅಂದರೆ ಕೆಲಸವನ್ನಲ್ಲ, ಸ್ಥಿತಿಯನ್ನು ಹೇಳುವ ಕ್ರಿಯಾಪದ, ಅಂತ ಒಂದು ಪಟ್ಟಿ ಕೊಟ್ಟಿರುತ್ತಾರೆ. ನಾನು ಪಟ್ಟಿ ಬಾಯಿಪಾಠ ಮಾಡಿಸೋದು ಬಿಟ್ಟು ಬಹಳ ದಿನ ಆಯಿತು. ನಿಮ್ಮ ಕನ್ನಡವೇ ಇದಕ್ಕೆ ಒರೆಗಲ್ಲು. ಹೇಳಬೇಕಾದ ಮಾತನ್ನು ಕನ್ನಡದಲ್ಲಿ ‘ತಾ ಇದೆ’, ‘ತಾ ಇದ್ದೇನೆ’ ಹಚ್ಚಿ ಹೇಳಿ ನೋಡಿ. ‘ನನಗೆ ಮೂರು ವರ್ಷ ಅನುಭವ ಇರ್ತಾ ಇದೆ.’ ನಗು ಬರುತ್ತೆ ಅಲ್ವಾ? ‘ನನಗೆ ಇಬ್ಬರು ಅಣ್ಣಂದಿರು ಇರ್ತಾ ಇದ್ದಾರೆ.’ ಇನ್ನೂ ನಗು. ನಿಮ್ಮ ಇಂಗ್ಲಿಷ್ ಕೇಳಿ ಆ ಮನುಷ್ಯ ನಕ್ಕಿದ್ದು ಇದೇ ನಗು. ಕನ್ನಡದಲ್ಲಿ ಇರ್ತಾ ಇದೆ ಅನ್ನಲಾಗದ ಕಡೆ ಇಂಗ್ಲಿಷಿನಲ್ಲೂ ಹ್ಯಾವಿಂಗ್ ಬೇಡ. ‘ಐ ಹ್ಯಾವ್ ತ್ರೀ ಇಯರ್ಸ್ ಆಫ್ ಎಕ್ಸ್‌ಪೀರಿಯೆನ್ಸ್.’ ಮುಗಿಯಿತು.

ಈಗ ಊಟಕ್ಕೆ ಬನ್ನಿ. ‘ನಾವು ಊಟ ಮಾಡ್ತಾ ಇದ್ದೇವೆ.’ ಸಲೀಸಾಗಿ ಬಂತು. ಅಲ್ಲಿ ಹ್ಯಾವ್ ಅಂದರೆ ‘ಇರು’ ಅಲ್ಲ, ‘ಮಾಡು’. ಅದಕ್ಕೇ ‘ವಿ ಆರ್ ಹ್ಯಾವಿಂಗ್ ಲಂಚ್’ ಸರಿ. ‘ಮೀಟಿಂಗ್ ಮಾಡ್ತಾ ಇದ್ದಾರೆ’, ‘ದೇ ಆರ್ ಹ್ಯಾವಿಂಗ್ ಎ ಮೀಟಿಂಗ್’. ‘ಸ್ನಾನ ಮಾಡ್ತಾ ಇದ್ದಾನೆ’, ‘ಹಿ ಈಸ್ ಹ್ಯಾವಿಂಗ್ ಎ ಬಾತ್’. ನಾಳೆ ಮೀಟಿಂಗ್ ಗೊತ್ತಾಗಿದ್ದರೂ ‘ವಿ ಆರ್ ಹ್ಯಾವಿಂಗ್ ಎ ಮೀಟಿಂಗ್ ಟುಮಾರೋ’ ಅನ್ನಬಹುದು, ನಾವೂ ‘ನಾಳೆ ಮೀಟಿಂಗ್ ಮಾಡ್ತಾ ಇದ್ದೇವೆ’ ಅಂತೀವಲ್ಲ, ಹಾಗೆ.

ಇದೇ ದಾರಿಯಲ್ಲಿ ಇನ್ನೊಂದು. ಮನೆಗೆ ಬಂದವರಿಗೆ ನಾವು ‘ಚಾ ತಗೋರಿ’ ಅಂತೀವಿ. ಇಂಗ್ಲಿಷಿನಲ್ಲಿ ‘ಟೇಕ್ ಟೀ’ ಅಂದರೆ ಅರ್ಥವಾಗುತ್ತದೆ, ಆದರೆ ಬೆಚ್ಚಗಿರೋದಿಲ್ಲ. ‘ಹ್ಯಾವ್ ಸಮ್ ಟೀ’ ಅನ್ನಿ. ಒಗ್ಗರಣಿ ಮಿರ್ಚಿ ಮುಂದಿಟ್ಟು ‘ಪ್ಲೀಸ್ ಹ್ಯಾವ್ ಸಮ್’ ಅಂದರೆ ಅದು ನಮ್ಮ ‘ತಗೋರಿ’ಯೇ. ‘ಈಟ್’ ಅಂದರೆ ಮಕ್ಕಳಿಗೆ ಗದರಿಸಿ ‘ತಿನ್ನು’ ಅಂದಂಗೆ ಕೇಳಿಸೀತು.

ಹ್ಯಾವಿಂಗ್ ತಪ್ಪಾಗಿ ಬಂದರೆ ಒಮ್ಮೊಮ್ಮೆ ಅರ್ಥ ಬರೀ ಕೆಡುವುದಿಲ್ಲ, ಬೇರೆ ಊರಿಗೇ ಹೋಗುತ್ತದೆ. ‘ಮೈ ಸಿಸ್ಟರ್ ಈಸ್ ಹ್ಯಾವಿಂಗ್ ಎ ಬೇಬಿ’ ಅಂದರೆ ಅಕ್ಕನಿಗೆ ಮಗು ಇದೆ ಅಂತಲ್ಲ, ಅಕ್ಕ ಬಸುರಿ ಅಂತ. ‘ಮೈ ಸಿಸ್ಟರ್ ಈಸ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಅಂದರೆ ಕೇಳಿದವರು ಅವಳಿ ಜವಳಿಯಾ ಅಂತ ಕೇಳಿಯಾರು. ನನ್ನ ಒಬ್ಬ ಹಳೇ ವಿದ್ಯಾರ್ಥಿ ಹೊರದೇಶದ ಸಾಹೇಬರಿಗೆ ತನ್ನ ಸಂಸಾರದ ಬಗ್ಗೆ ಹೀಗೇ ಬರೆದಿದ್ದ. ಅವರು ಅಭಿನಂದನೆ ಹೇಳಿ ತಿರುಗಿ ಬರೆದಿದ್ದರು. ಹುಡುಗರಿಬ್ಬರೂ ಆಗಲೇ ಹೈಸ್ಕೂಲಿನಲ್ಲಿದ್ದರು.

ಈ ಒರೆಗಲ್ಲೂ ಒಂದೆರಡು ಕಡೆ ಕೈ ಕೊಡುತ್ತದೆ. ತಲೆನೋವು, ಜ್ವರದ ಮಾತಿನಲ್ಲಿ. ‘ತಲೆ ನೋಯ್ತಾ ಇದೆ’ ಅಂತ ಕನ್ನಡ ಸಲೀಸಾಗಿ ಹೇಳುತ್ತದೆ, ಇಂಗ್ಲಿಷ್ ಮಾತ್ರ ‘ಐ ಹ್ಯಾವ್ ಎ ಹೆಡೇಕ್’ ಅನ್ನುತ್ತದೆ. ‘ಐ ಹ್ಯಾವ್ ಎ ಫೀವರ್.’ ಕಾಯಿಲೆಯನ್ನು ಅವರು ಜೇಬಿನಲ್ಲಿರುವ ವಸ್ತುವಿನ ಲೆಕ್ಕದಲ್ಲಿ ಹಿಡಿಯುತ್ತಾರೆ ಅಂದುಕೊಳ್ಳಿ. ಹಸಿವು, ಬಾಯಾರಿಕೆ, ವಯಸ್ಸಿಗೆ ಬಂದರೆ ಅದೂ ಇಲ್ಲ. ‘ನನಗೆ ಹಸಿವಾಗಿದೆ’ ಅನ್ನೋದು ‘ಐ ಆಮ್ ಹಂಗ್ರಿ’. ‘ನನಗೆ 25 ವರ್ಷ’ ಅನ್ನೋದು ‘ಐ ಆಮ್ 25’. ‘ನನಗೆ’ ಕಂಡ ಕಡೆಯೆಲ್ಲ ಹ್ಯಾವ್ ಬರುವುದಿಲ್ಲ. ಇವು ಐದಾರು ಇವೆ, ಬಾಯಿಗೆ ರೂಢಿ ಮಾಡಿಕೊಳ್ಳಬೇಕು, ಬೇರೆ ದಾರಿ ಇಲ್ಲ.

ಇಲ್ಲಿ ನನ್ನ ಒಂದು ಮಾತು. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಅಂತ ದೇಶದ ತುಂಬ ಜನ ಮಾತಾಡ್ತಾರೆ, ಎಲ್ಲರಿಗೂ ಅರ್ಥವೂ ಆಗುತ್ತದೆ. ಗಂಗಾವತಿಯಿಂದ ಚೆನ್ನೈಗೆ ಫೋನ್ ಮಾಡಿ ಹಾಗೆ ಅಂದರೆ ಅಕ್ಕಿ ವ್ಯಾಪಾರ ನಿಲ್ಲುವುದಿಲ್ಲ. ಅದನ್ನು ಕೇಳಿ ನಗುವವರ ಬಗ್ಗೆ ನನಗೆ ಗೌರವ ಕಡಿಮೆ. ಆದರೆ ಪರೀಕ್ಷೆಯಲ್ಲಿ ಮಾರ್ಕು ಕತ್ತರಿಸುತ್ತಾರೆ, ಇಂಟರ್‌ವ್ಯೂನಲ್ಲಿ ಮುಖ ಅಳೆಯುತ್ತಾರೆ. ಬರವಣಿಗೆಯಲ್ಲಿ ತಿದ್ದಿಕೊಳ್ಳಿ, ಮಾತಿನಲ್ಲಿ ಬಂದುಬಿಟ್ಟರೆ ನಾಲಿಗೆ ಕಚ್ಚಿಕೊಳ್ಳಬೇಡಿ.

ನಿಮ್ಮ ಮೇಲ್‌ಗಳಲ್ಲಿ ‘ಈಸ್ ದೇರ್’ ಕೂಡ ಜಾಸ್ತಿ ಇರಬೇಕು, ನೋಡಿಕೊಳ್ಳಿ. ‘ಡ್ಯಾಂಗೆ 33 ಗೇಟ್ ಇವೆ’ ಅನ್ನೋದನ್ನ ನಮ್ಮವರು ‘ಟು ದ ಡ್ಯಾಮ್ 33 ಗೇಟ್ಸ್ ಆರ್ ದೇರ್’ ಅಂತ ಜೋಡಿಸುತ್ತಾರೆ. ‘ದ ಡ್ಯಾಮ್ ಹ್ಯಾಸ್ 33 ಗೇಟ್ಸ್’ ಅಂದರೆ ಐದೇ ಪದದ ಕೆಲಸ. ಜೀವ ಇಲ್ಲದ ವಸ್ತುವೂ ಇಂಗ್ಲಿಷಿನಲ್ಲಿ ಯಜಮಾನ ಆಗಬಹುದು. ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಎಂಟು ಘಟಕ, ‘ಇಟ್ ಹ್ಯಾಸ್ ಏಟ್ ಯೂನಿಟ್ಸ್’. ನಿಮ್ಮ ಮಿಲ್ಲಿಗೆ ಎರಡು ಗೋಡೌನ್ ಇದ್ದರೆ ‘ಅವರ್ ಮಿಲ್ ಹ್ಯಾಸ್ ಟೂ ಗೋಡೌನ್ಸ್’.

ಪ್ರಶ್ನೆ ಕೇಳುವಾಗ ‘ಡಸ್ ಹಿ ಹ್ಯಾಸ್’, ‘ಡಿಡ್ ಯು ಹ್ಯಾಡ್’ ಅಂತ ಎರಡೆರಡು ಕಡೆ ಗಂಟು ಹಾಕುವವರಿದ್ದಾರೆ. ಒಂದೇ ಗಂಟು ಸಾಕು. ‘ಡಸ್ ಹಿ ಹ್ಯಾವ್’, ‘ಡಿಡ್ ಯು ಹ್ಯಾವ್’. ಕನ್ನಡದಲ್ಲಿ ‘ಹೋಗಲಿಲ್ಲ’ ಅಂತೀವಿ, ‘ಹೋದೆಲಿಲ್ಲ’ ಅಂತೀವಾ? ಕಾಲದ ಭಾರವನ್ನು ‘ಲಿಲ್ಲ’ ಹೊತ್ತ ಮೇಲೆ ‘ಹೋಗು’ ಹಗುರಾಗಿಯೇ ಇರುತ್ತದೆ. ಇಂಗ್ಲಿಷಿನಲ್ಲಿ ಆ ಭಾರ ಹೊರುವ ಹಮಾಲಿ ಡಿಡ್.

ಈಗ ನಿಮ್ಮ ಎರಡನೇ ವಾಕ್ಯ. ‘ಐ ಹ್ಯಾವ್ ಸೆಂಟ್ ದ ಬಿಲ್ ಯೆಸ್ಟರ್‌ಡೇ.’ ಇಲ್ಲಿ ಹ್ಯಾವ್ ಯಜಮಾನನಲ್ಲ, ಸೆಂಟ್ ಅನ್ನುವ ಕ್ರಿಯಾಪದದ ಕೈಯಾಳು. ಕನ್ನಡದಲ್ಲಿ ‘ನಿನ್ನೆ ಬಿಲ್ ಕಳಿಸಿದ್ದೇನೆ’ ಅನ್ನೋದು ಅಪ್ಪಟ ಕನ್ನಡ, ಒಂದು ಕೂದಲೂ ತಪ್ಪಿಲ್ಲ. ಅದನ್ನೇ ಇಂಗ್ಲಿಷಿಗೆ ಇಳಿಸಿದಿರಿ, ಹಾಗಾಗಿ ಸಿಕ್ಕಿಬಿದ್ದಿರಿ. ನೀವು ಬಿಕಾಂ ಓದಿದವರು, ಲೆಕ್ಕದ ಮಾತಿನಲ್ಲೇ ಹೇಳುತ್ತೇನೆ.

ನಿಮ್ಮ ಮಿಲ್ಲಿನಲ್ಲಿ ಕೀರ್ದಿ ಪುಸ್ತಕ ಇರುತ್ತದೆ. ಯಾವ ತಾರೀಕು ಏನು ನಡೆಯಿತು ಅಂತ ಅದರಲ್ಲಿ ಬರೆಯುತ್ತೀರಿ. ಬ್ಯಾಲೆನ್ಸ್ ಶೀಟ್ ಬೇರೆ. ಅದು ಇವತ್ತಿಗೆ ಪರಿಸ್ಥಿತಿ ಏನು ಅಂತ ಹೇಳುತ್ತದೆ, ಯಾವ ದಿನ ಏನಾಯಿತು ಅನ್ನೋ ಕಾಲಂ ಅದರಲ್ಲಿ ಇಲ್ಲ. ‘ಐ ಸೆಂಟ್ ದ ಬಿಲ್ ಯೆಸ್ಟರ್‌ಡೇ’ ಅನ್ನೋದು ಕೀರ್ದಿ. ‘ಐ ಹ್ಯಾವ್ ಸೆಂಟ್ ದ ಬಿಲ್’ ಅನ್ನೋದು ಬ್ಯಾಲೆನ್ಸ್ ಶೀಟ್. ಬಿಲ್ ಹೋಗಿದೆ, ಈಗ ಚೆಂಡು ನಿಮ್ಮ ಅಂಗಳದಲ್ಲಿದೆ ಅಂತ ಪಾರ್ಟಿಗೆ ಹೇಳಿದಂತೆ. ಎರಡೂ ಸರಿ, ಎರಡನ್ನೂ ಬೆರೆಸಬಾರದು. ಯೆಸ್ಟರ್‌ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ‘ಇನ್ 2019’ ಇವೆಲ್ಲ ಕೀರ್ದಿಯ ಮಾತು, ಹ್ಯಾವ್ ಜೊತೆ ಕೂರುವುದಿಲ್ಲ. ಟುಡೇ, ದಿಸ್ ವೀಕ್, ಆಲ್‌ರೆಡಿ, ಸೋ ಫಾರ್ ಇವು ಕೂರುತ್ತವೆ, ಯಾಕೆಂದರೆ ಆ ಪುಟ ಇನ್ನೂ ಮುಚ್ಚಿಲ್ಲ. ‘ವಿ ಹ್ಯಾವ್ ಲೋಡೆಡ್ ತ್ರೀ ಲಾರೀಸ್ ದಿಸ್ ವೀಕ್.’ ವಾರ ಇನ್ನೂ ಮುಗಿದಿಲ್ಲವಲ್ಲ.

ಹ್ಯಾಡ್‌ಗೂ ಇದೇ ಲೆಕ್ಕ. ಬ್ಯಾಲೆನ್ಸ್ ಶೀಟಿನ ತಲೆಯ ಮೇಲೆ ‘ಮಾರ್ಚ್ 31ಕ್ಕೆ ಇದ್ದಂತೆ’ ಅಂತ ಬರೆದಿರುತ್ತದಲ್ಲ? ಹ್ಯಾವ್ ಇವತ್ತಿಗೆ ಇದ್ದಂತೆ. ಹ್ಯಾಡ್ ಹಿಂದಿನ ಒಂದು ತಾರೀಕಿಗೆ ಇದ್ದಂತೆ. ಆ ತಾರೀಕು ಯಾವುದು ಅಂತ ಹೇಳದೆ ಹ್ಯಾಡ್ ತಂದರೆ, ಕೇಳಿದವರು ‘ಆಮೇಲೆ?’ ಅಂತ ಕಾಯುತ್ತಲೇ ಇರುತ್ತಾರೆ.

ನೀವೇ ನನಗೆ ಬರೆದಿದ್ದೀರಿ, ‘ಹೋದ ತಿಂಗಳು ಇಂಟರ್‌ವ್ಯೂಗೆ ಹೋಗಿದ್ದೆ’ ಅಂತ. ಇದನ್ನು ನಮ್ಮವರು ನೂರಕ್ಕೆ ತೊಂಬತ್ತು ಮಂದಿ ‘ಐ ಹ್ಯಾಡ್ ಗಾನ್ ಫಾರ್ ಆನ್ ಇಂಟರ್‌ವ್ಯೂ ಲಾಸ್ಟ್ ಮಂತ್’ ಅಂತಲೇ ಮಾಡುತ್ತಾರೆ. ‘ಹೋಗಿದ್ದೆ’ಯಲ್ಲಿರುವ ‘ಇದ್ದೆ’ಗೆ ಹ್ಯಾಡ್ ಅಂತ ಬೆಲೆ ಕಟ್ಟುತ್ತಾರೆ. ಆದರೆ ಕನ್ನಡದ ಈ ‘ಇದ್ದೆ’ ಬೇರೆ ಕೆಲಸ ಮಾಡುತ್ತದೆ. ಹೋದೆ, ಬಂದೆ, ಆ ಸಂಗತಿ ಮುಗಿಯಿತು ಅಂತ ಬಾಗಿಲು ಎಳೆದುಕೊಳ್ಳುವ ‘ಇದ್ದೆ’ ಅದು. ‘ನಿನ್ನೆ ನಿಮ್ಮ ಮನೆಗೆ ಬಂದಿದ್ದೆ’ ಅಂದರೆ ಬಂದು ಹೋದೆ ಅಂತಲೇ ಅರ್ಥ. ಇಂಗ್ಲಿಷಿಗೆ ಅಷ್ಟು ಸೂಕ್ಷ್ಮ ಬೇಕಿಲ್ಲ. ‘ಐ ವೆಂಟ್ ಫಾರ್ ಆನ್ ಇಂಟರ್‌ವ್ಯೂ ಲಾಸ್ಟ್ ಮಂತ್.’ ‘ಐ ಕೇಮ್ ಟು ಯುವರ್ ಹೌಸ್ ಯೆಸ್ಟರ್‌ಡೇ.’ ಬರೀ ಕೀರ್ದಿ. ಆನೆಗೊಂದಿಗೆ ಹೋಗಿ ಬಂದವರು ‘ಐ ಹ್ಯಾಡ್ ಬೀನ್ ಟು ಆನೆಗೊಂದಿ’ ಅಂತಾರಲ್ಲ, ಅದೂ ಇದೇ ಜಾತಿಯದು.

ಹ್ಯಾಡ್ ಬೇಕೇ ಬೇಕಾದ ಜಾಗ ಯಾವುದು? ತುಂಗಭದ್ರಾ ಡ್ಯಾಂ ನೆನಪಿಸಿಕೊಳ್ಳಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ನಮ್ಮಲ್ಲಿ ಬಹಳ ಮಂದಿಗೆ ಗೊತ್ತಾಗಿದ್ದು ಬೆಳಗ್ಗೆ ಎದ್ದ ಮೇಲೆ. ‘ವೆನ್ ವಿ ವೋಕ್ ಅಪ್, ದ ಗೇಟ್ ಹ್ಯಾಡ್ ಗಾನ್.’ ನಾವು ಎದ್ದ ಹೊತ್ತಿಗೆ ಇದ್ದಂತೆ, ಗೇಟು ಇಲ್ಲ. ಇಲ್ಲಿ ಹ್ಯಾಡ್ ತೆಗೆದು ‘ವೆನ್ ವಿ ವೋಕ್ ಅಪ್, ದ ಗೇಟ್ ವೆಂಟ್’ ಅನ್ನಿ. ನಾವು ಕಣ್ಣು ಬಿಟ್ಟ ಕೂಡಲೇ ಗೇಟು ಹೋಯಿತು ಅಂತ ಆಗುತ್ತದೆ. ನಾವು ಎದ್ದಿದ್ದೇ ತಪ್ಪಾಯಿತೇನೋ ಅನ್ನೋ ಹಾಗೆ.

ಇನ್ನು ‘ಹ್ಯಾಡ್ ಹ್ಯಾಡ್’. ಅಚ್ಚಿನ ತಪ್ಪಲ್ಲ. ಮೊದಲನೇ ಹ್ಯಾಡ್ ಕೈಯಾಳು, ಎರಡನೆಯದು ಯಜಮಾನ. ‘ವೆನ್ ದ ಲಾರಿ ಕೇಮ್, ದ ಹಮಾಲಿಸ್ ಹ್ಯಾಡ್ ಹ್ಯಾಡ್ ದೇರ್ ಲಂಚ್.’ ಲಾರಿ ಬರುವ ಹೊತ್ತಿಗೆ ಹಮಾಲರ ಊಟ ಆಗಿತ್ತು. ‘ಹ್ಯಾಡ್ ಈಟನ್’ ಅಂದರೆ ನಿಮಗೆ ಗೊಂದಲವೇ ಆಗುತ್ತಿರಲಿಲ್ಲ. ಈಟ್ ಜಾಗದಲ್ಲಿ ಹ್ಯಾವ್ ಬಂದಿದೆ, ಅದರ ಮೂರನೇ ರೂಪವೂ ಹ್ಯಾಡ್ ಆಗಿಬಿಟ್ಟಿದೆ, ಅಷ್ಟೇ ಗದ್ದಲ. ಮಾತಾಡುವಾಗ ಮೊದಲನೆಯದನ್ನು ಅವರು ನುಂಗಿಬಿಡುತ್ತಾರೆ. ‘ದೇಡ್ ಹ್ಯಾಡ್’ ಅಂತ ಕೇಳಿಸುತ್ತದೆ.

ಎರಡು ಸಲ ಬರೋದು ವಿಚಿತ್ರ ಅನಿಸಿತಾ? ಕನ್ನಡದಲ್ಲಿ ನೀವು ದಿನಾ ಹಾಗೇ ಮಾತಾಡ್ತೀರಿ, ಗಮನಿಸಿಲ್ಲ. ‘ಕೈಯಲ್ಲಿ ದುಡ್ಡು ಇದ್ದಿದ್ದರೆ ಆ ಸೀರೆ ತಗೊಂಡಿರುತ್ತಿದ್ದೆ.’ ಆ ‘ಇದ್ದಿದ್ದರೆ’ ಬಿಡಿಸಿ ನೋಡಿ. ‘ಇದ್ದು’, ‘ಇದ್ದರೆ’. ಎರಡೂ ‘ಇರು’. ಒಂದು ಯಜಮಾನ, ಒಂದು ಕೈಯಾಳು. ಇಂಗ್ಲಿಷಿನಲ್ಲಿ ಆ ವಾಕ್ಯ ಹೀಗಿದೆ: ‘ಇಫ್ ಐ ಹ್ಯಾಡ್ ಹ್ಯಾಡ್ ದ ಮನಿ, ಐ ವುಡ್ ಹ್ಯಾವ್ ಬಾಟ್ ದಟ್ ಸ್ಯಾರಿ.’ ಇಲ್ಲೂ ಎರಡು, ಅಲ್ಲೂ ಎರಡು. ಯಜಮಾನನೂ ಕೈಯಾಳೂ ಒಂದೇ ಹೆಸರಿನವರು. ಇದನ್ನು ಮೊದಲ ಸಲ ಕಪ್ಪುಹಲಗೆ ಮೇಲೆ ಬಿಡಿಸಿದ ದಿನ ಹುಡುಗರಿಗಿಂತ ನನಗೇ ಜಾಸ್ತಿ ಖುಷಿ ಆಗಿತ್ತು. ಇಂಗ್ಲಿಷಿನ ಹ್ಯಾವ್‌ಗೆ ಒಂದು ಪದ ಕೊಡದ ಕನ್ನಡ, ಅದು ಮಾಡುವ ಎರಡೂ ಕೆಲಸವನ್ನು ‘ಇರು’ ಕೈಲಿ ಮಾಡಿಸಿಕೊಳ್ಳುತ್ತದೆ. ‘ಮನೆ ಇದೆ’ಯಲ್ಲೂ ಇರು, ‘ಬಂದಿದ್ದಾನೆ’ಯಲ್ಲೂ ಇರು.

ನೀವು ಕೇಳಿಲ್ಲ, ಆದರೂ ಎರಡು ಮಾತು ಸೇರಿಸುತ್ತೇನೆ. ಫ್ಯಾಕ್ಟರಿ ಕೆಲಸಕ್ಕೆ ಹೋಗುವ ಆಸೆ ಇದೆ ಅಂತ ಕಾಣುತ್ತದೆ, ಅಲ್ಲಿ ಇವು ಬೇಕಾಗುತ್ತವೆ.

‘ಹ್ಯಾವ್ ಟು’ ಅಂದರೆ ‘ಬೇಕು’. ‘ಐ ಹ್ಯಾವ್ ಟು ಗೋ’, ಹೋಗಬೇಕು. ಬಾಯಲ್ಲಿ ಅದು ‘ಹ್ಯಾಫ್ ಟು’ ಆಗುತ್ತದೆ, ಹಾಗೇ ಅನ್ನಿ. ಇದರಲ್ಲಿ ಕಷ್ಟ ಇಲ್ಲ. ಇಲ್ಲ ಅನ್ನುವಾಗ ಮಾತ್ರ ಹುಷಾರು. ‘ಯು ಡೋಂಟ್ ಹ್ಯಾವ್ ಟು’ ಅಂದರೆ ‘ಬೇಕಾಗಿಲ್ಲ’. ‘ಯು ಮಸ್ಟ್ ನಾಟ್’ ಅಂದರೆ ‘ಬಾರದು’. ಹಟ್ಟಿಯ ಚಿನ್ನದ ಗಣಿಗೆ ಇಳಿಯುವವನಿಗೆ ‘ಯು ಮಸ್ಟ್ ನಾಟ್ ರಿಮೂವ್ ಯುವರ್ ಹೆಲ್ಮೆಟ್’ ಅನ್ನಬೇಕು, ತೆಗೆಯಬಾರದು ಅಂತ. ‘ಯು ಡೋಂಟ್ ಹ್ಯಾವ್ ಟು ರಿಮೂವ್’ ಅಂದರೆ ತೆಗೆಯಬೇಕಾಗಿಲ್ಲ, ನಿನ್ನಿಷ್ಟ ಅಂತ ಆಗಿಬಿಡುತ್ತದೆ. ಕನ್ನಡದಲ್ಲಿ ‘ಬೇಕಾಗಿಲ್ಲ’ಕ್ಕೂ ‘ಬಾರದು’ಗೂ ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಅದನ್ನು ಮನಸ್ಸಿನಲ್ಲಿ ಹೇಳಿಕೊಂಡು ಆಮೇಲೆ ಇಂಗ್ಲಿಷ್ ಬರೆಯಿರಿ.

ಇನ್ನೊಂದು, ನಮ್ಮ ‘ಇಸು’. ಮಾಡು, ಮಾಡಿಸು. ಹೊಲಿ, ಹೊಲಿಸು. ಸೆಲೂನಿನಿಂದ ಬಂದವನು ‘ಐ ಕಟ್ ಮೈ ಹೇರ್’ ಅಂದರೆ ತಾನೇ ಕನ್ನಡಿ ಮುಂದೆ ಕತ್ತರಿ ಹಿಡಿದ ಅಂತ ಅರ್ಥ. ‘ಕಟಿಂಗ್ ಮಾಡಿಸಿದೆ’ ಅನ್ನೋದಕ್ಕೆ ‘ಐ ಹ್ಯಾಡ್ ಮೈ ಹೇರ್ ಕಟ್’. ಬಳ್ಳಾರಿಯಲ್ಲಿ ಜೀನ್ಸ್ ತಗೊಂಡು ಟೇಲರ್ ಹತ್ತಿರ ಉದ್ದ ಕಡಿಮೆ ಮಾಡಿಸಿದರೆ ‘ಐ ಹ್ಯಾಡ್ ಮೈ ಜೀನ್ಸ್ ಶಾರ್ಟನ್ಡ್’. ಪದಗಳ ಜಾಗ ಇಲ್ಲಿ ಪ್ರಾಣ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುತ್ತಾರಲ್ಲ, ಅಲ್ಲಿಯ ಚಿತ್ರಗಾರ ‘ಐ ಹ್ಯಾಡ್ ಪೇಂಟೆಡ್ ದ ಡಾಲ್’ ಅಂದರೆ ಬಣ್ಣ ಬಳಿದದ್ದು ಅವನೇ. ಗೊಂಬೆ ಕೊಂಡವರು ‘ಐ ಹ್ಯಾಡ್ ದ ಡಾಲ್ ಪೇಂಟೆಡ್’ ಅನ್ನಬೇಕು, ಬಣ್ಣ ಹಚ್ಚಿಸಿದೆ ಅಂತ. ಪದಗಳ ಲೆಕ್ಕ ಒಂದೇ, ‘ಡಾಲ್’ ಒಂದು ಹೆಜ್ಜೆ ಮುಂದೆ ಬಂತು, ಕೆಲಸ ಮಾಡಿದವರೇ ಬದಲಾದರು. ಆ ಒಂದು ಹೆಜ್ಜೆಯೇ ನಮ್ಮ ‘ಇಸು’.

ಇನ್ನು ನಿಮ್ಮ ಮೂರು ವಾಕ್ಯ. ಮೊದಲನೆಯದನ್ನು ‘ವಿ ಹ್ಯಾವ್ 400 ಬ್ಯಾಗ್ಸ್ ಇನ್ ಸ್ಟಾಕ್’ ಅಂತ ಮಾಡಿ. ಚೀಲಗಳು ಸುಮ್ನೆ ಗೋಡೌನಿನಲ್ಲಿ ಬಿದ್ದಿವೆ, ‘ಇರ್ತಾ ಇಲ್ಲ’. ಎರಡನೆಯದರಲ್ಲಿ ಪಾರ್ಟಿಗೆ ತಾರೀಕು ಮುಖ್ಯ ಆಗಿದ್ದರೆ ‘ಐ ಸೆಂಟ್ ದ ಬಿಲ್ ಯೆಸ್ಟರ್‌ಡೇ’, ಬಿಲ್ ಹೋಗಿದೆ ಅನ್ನೋದಷ್ಟೇ ಮುಖ್ಯ ಆಗಿದ್ದರೆ ‘ಐ ಹ್ಯಾವ್ ಸೆಂಟ್ ದ ಬಿಲ್’. ದುಡ್ಡು ಬರೋದು ತಡ ಆಗಿದ್ದರೆ ನಾನಾಗಿದ್ದರೆ ಮೊದಲನೆಯದನ್ನು ಬರೆಯುತ್ತಿದ್ದೆ, ತಾರೀಕು ಕಣ್ಣಿಗೆ ಹೊಡೀಲಿ ಅಂತ.

ಮೂರನೆಯದು, ಲಾರಿಯ ತೊಂದರೆ. ‘ಈ ವಾರ ಲಾರಿದು ಸ್ವಲ್ಪ ತೊಂದರೆ ಆಗ್ತಾ ಇದೆ.’ ಕನ್ನಡದಲ್ಲಿ ‘ತಾ ಇದೆ’ ಎಷ್ಟು ಸಲೀಸಾಗಿ ಬಂತು ನೋಡಿ. ಆ ಹ್ಯಾವಿಂಗ್ ಸರಿಯಾಗೇ ಇದೆ. ಅಳಿಸಿ ಹಾಕಿದ್ದರೆ ವಾಪಸ್ ಬರೆದು ಮೇಲ್ ಕಳಿಸಿಬಿಡಿ.